ಅಂಕಿಗಳ ನಡುವಣ ಅಲ್ಪವಿರಾಮ

(ಬಾನುಲಿ ಭಾಷಣ)

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ 2007ರಲ್ಲಿ ಒಂದು ಜಿಲ್ಲೆಯನ್ನಾಗಿ ಮಾಡಲಾಯಿತು. 2011ರ ಜನಗಣತಿಯ ಪ್ರಕಾರ ಆ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷದ ಎಂಬತ್ತೆರಡು ಸಾವಿರದ ಆರುನೂರ ಮೂವತ್ತಾರು. ಬಾಯಿಂದ ಹೇಳುವಾಗ ಈ ಸಂಖ್ಯೆಯಲ್ಲಿ ಯಾವ ತೊಡಕೂ ಇಲ್ಲ. ಇದನ್ನೇ ಅಂಕಿಗಳಲ್ಲಿ ಬರೆಯಹೊರಟಾಗ ಮಾತ್ರ ಎರಡು ದಾರಿಗಳು ಎದುರಾಗುತ್ತವೆ. ಒಂದು, 10,82,636. ಇನ್ನೊಂದು, 1,082,636. ಎರಡರಲ್ಲಿಯೂ ಅಂಕಿಗಳು ಅವೇ, ಅವುಗಳ ಅನುಕ್ರಮವೂ ಅದೇ, ಬೆಲೆಯೂ ಅಷ್ಟೇ. ಬೇರೆಯಾಗಿರುವುದು ನಡುವೆ ಇಟ್ಟಿರುವ ಒಂದು ಸಣ್ಣ ಗೀಟು, ನಾವು ಅಲ್ಪವಿರಾಮವೆಂದು ಕರೆಯುವ ಚಿಹ್ನೆ, ನಿಂತಿರುವ ಜಾಗ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣದ ಅಗತ್ಯವುಂಟೇ ಎಂದು ಯಾರಾದರೂ ಕೇಳಬಹುದು. ಆದರೆ ಹೆಸರೇ ಹೇಳುವಂತೆ ಅಲ್ಪವಿರಾಮವೆಂದರೆ ಉಸಿರಿಗೆ ಕೊಡುವ ಚಿಕ್ಕ ಬಿಡುವು. ಗದ್ಯದಲ್ಲಿ ಅದನ್ನು ತಪ್ಪಾದ ಕಡೆ ಇಟ್ಟರೆ ವಾಕ್ಯವೇ ಕುಂಟುತ್ತದೆ. ಸಂಖ್ಯೆಯೂ ಒಂದು ವಾಕ್ಯವೇ. ಮೊದಲನೆಯ ರೂಪವನ್ನು ಕನ್ನಡದ ಕಣ್ಣು ನೋಡುತ್ತಿದ್ದಂತೆಯೇ ನಾಲಗೆ ಅದನ್ನು ಹೇಳಿಬಿಡುತ್ತದೆ: ಹತ್ತು ಲಕ್ಷ, ಒಂದು ಬಿಡುವು, ಎಂಬತ್ತೆರಡು ಸಾವಿರ, ಮತ್ತೊಂದು ಬಿಡುವು, ಉಳಿದದ್ದು ಆರುನೂರ ಮೂವತ್ತಾರು. ಎರಡನೆಯ ರೂಪದಲ್ಲಾದರೋ ಮೊದಲ ಗೀಟು ಹತ್ತು ಲಕ್ಷದ ಒಂದನ್ನೂ ಸೊನ್ನೆಯನ್ನೂ ಬೇರೆಬೇರೆ ಮನೆಗಳಿಗೆ ಹಂಚಿಬಿಟ್ಟಿದೆ. ಓದುವವನು ಬಲದಿಂದ ಎಡಕ್ಕೆ ಬಿಡಿ, ಹತ್ತು, ನೂರು ಎಂದು ಬೆರಳಿಟ್ಟು ಎಣಿಸಿಕೊಂಡು ಹೋಗಿ, ಅನಂತರ ಮತ್ತೆ ಎಡದಿಂದ ಓದಬೇಕು. ಒಂದು ಸಂಖ್ಯೆಯಾದರೆ ಸರಿ. ಪುಟದ ತುಂಬ ಇಂಥವೇ ಇದ್ದರೆ ಬಹುಮಂದಿ ಓದುವ ಪ್ರಯತ್ನವನ್ನೇ ಬಿಟ್ಟು, 'ನೀವೇ ಹೇಳಿ, ಎಷ್ಟಾಯಿತು?' ಎಂದು ಎದುರಿನವರನ್ನು ಕೇಳುತ್ತಾರೆ. ಲೆಕ್ಕ ಯಾರದೋ ಅವರ ಕೈಯಿಂದ ಅದು ಜಾರುವುದು ಆ ಗಳಿಗೆಯಲ್ಲಿಯೇ.

ನಮ್ಮ ಗುಂಪುಗಾರಿಕೆ ಮೊದಲು ಮೂರಾಗಿ, ಅನಂತರ ಎರಡೆರಡಾಗಿ ಏಕೆ ಸಾಗುತ್ತದೆ? ಉತ್ತರ ಭಾಷೆಯಲ್ಲಿದೆ. ಕನ್ನಡದಲ್ಲಿ ಹತ್ತು, ನೂರು, ಸಾವಿರಗಳಿಗೆ ಬೇರೆಬೇರೆ ಹೆಸರುಗಳಿವೆ. ಹತ್ತು ಸಾವಿರಕ್ಕೆ ಬಳಕೆಯಲ್ಲಿ ಸ್ವತಂತ್ರವಾದ ಹೆಸರಿಲ್ಲ. ಅದನ್ನು ಸಾವಿರದ ಲೆಕ್ಕದಲ್ಲಿಯೇ ಹೇಳುತ್ತ ತೊಂಬತ್ತೊಂಬತ್ತು ಸಾವಿರದವರೆಗೆ ನಡೆಯುತ್ತೇವೆ. ನೂರು ಸಾವಿರವಾದಾಗ ಹೊಸ ಹೆಸರು ಹುಟ್ಟುತ್ತದೆ, ಲಕ್ಷ. ಮತ್ತೆ ತೊಂಬತ್ತೊಂಬತ್ತು ಲಕ್ಷದವರೆಗೆ ಅದೇ ಹೆಸರು, ಆಮೇಲೆ ಕೋಟಿ. ಹೀಗೆ ಸಾವಿರದಾಚೆಗಿನ ಒಂದೊಂದು ಹೆಸರೂ ಎರಡೆರಡು ಮನೆಗಳನ್ನು ಆಳುತ್ತದೆ. ಹೆಸರು ಬದಲಾಗುವ ಕಡೆ ಉಸಿರು ನಿಲ್ಲುತ್ತದೆ. ಉಸಿರು ನಿಲ್ಲುವ ಕಡೆ ಗೀಟು ಬೀಳುತ್ತದೆ. ಇದರಲ್ಲಿ ಗಣಿತದ ಕಟ್ಟಳೆ ಏನೂ ಇಲ್ಲ. ಇರುವುದು ಮಾತಿನ ಕಟ್ಟಳೆ.

ಈ ಕಟ್ಟಳೆ ಎಷ್ಟು ಹಳೆಯದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ದೊಡ್ಡ ಸಾಕ್ಷಿಯುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದ ನಡುವೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅದರಲ್ಲಿ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳಿವೆ. ಏಕ, ದಶ, ಶತ, ಸಹಸ್ರ. ಆಮೇಲೆ ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಹೀಗೆ ಸಾಗಿ ಮಹಾಕ್ಷೋಭದವರೆಗೆ. ಈ ಪಟ್ಟಿಯ ಸ್ವಾರಸ್ಯವು ಬೇರೆ ಗಣಿತಜ್ಞರ ಪಟ್ಟಿಗಳೊಡನೆ ಹೋಲಿಸಿದಾಗ ತಿಳಿಯುತ್ತದೆ. ಅವನಿಗಿಂತ ಮುಂಚೆ ಆರ್ಯಭಟನು ಹತ್ತು ಸಾವಿರವನ್ನು ಅಯುತವೆಂದೂ, ಲಕ್ಷವನ್ನು ನಿಯುತವೆಂದೂ, ಹತ್ತು ಲಕ್ಷವನ್ನು ಪ್ರಯುತವೆಂದೂ ಕರೆದಿದ್ದನು. ಅಲ್ಲಿ ಪ್ರತಿಯೊಂದು ಮನೆಗೂ ಒಂದೊಂದು ಹೊಸ ಹೆಸರು. ಆದ್ದರಿಂದ ಗುಂಪುಗಳೇ ಇಲ್ಲ. ಮಹಾವೀರನಾದರೋ ಅಯುತ ಪ್ರಯುತಗಳನ್ನು ಬಿಟ್ಟು ದಶಸಹಸ್ರ, ದಶಲಕ್ಷ, ದಶಕೋಟಿ ಎಂದು ಜೋಡಿಜೋಡಿಯಾಗಿ ಎಣಿಸಿದನು. ಇಂದು ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳು ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ ಎಂದು ಬಾಯಿಪಾಠ ಹೇಳುವಾಗ ಕೋಟಿಯವರೆಗೂ ಮಹಾವೀರನ ಕ್ರಮವನ್ನೇ ಹೇಳುತ್ತಿರುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿ, ಲೆಕ್ಕವನ್ನು ಪಂಡಿತರ ಭಾಷೆಯಿಂದ ಪೇಟೆಯ ಭಾಷೆಗೆ ಇಳಿಸಿದನು.

ಶಾಸನಗಳನ್ನು ನೋಡಿದರೂ ಮಾತಿನ ಈ ನಡೆಯೇ ಕಾಣುತ್ತದೆ. ನಾವು ಹೇಳುತ್ತಿರುವ ನಾಲ್ಕು ತಾಲ್ಲೂಕುಗಳ ನೆಲ ಗಂಗರ ಕಾಲದಲ್ಲಿ 'ಗಂಗವಾಡಿ ತೊಂಬತ್ತಾರು ಸಾಸಿರ'ದ ಒಳಗಿತ್ತು. ಚನ್ನಪಟ್ಟಣದ ಬಳಿಯ ಮಂಕುಂದ ಆ ಅರಸರ ಬೀಡುಗಳಲ್ಲಿ ಒಂದು. ತೊಂಬತ್ತಾರು ಸಾವಿರವೆಂದರೆ ಊರುಗಳೋ, ಆದಾಯವೋ, ಮತ್ತೇನೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ನೊಳಂಬವಾಡಿ ಮೂವತ್ತೆರಡು ಸಾಸಿರ, ಬನವಾಸಿ ಹನ್ನೆರಡು ಸಾಸಿರ ಇವೂ ಅದೇ ಸಾಲಿನವು. ಲಕ್ಷದ ಗಡಿಯನ್ನು ದಾಟಿದಾಗ ಚೋಳರ ಶಾಸನಗಳು ರಟ್ಟಪಾಡಿಯನ್ನು ಏಳೂವರೆ ಲಕ್ಷವೆಂದು ಎಣಿಸಿದವು, ಏಳುನೂರೈವತ್ತು ಸಾವಿರವೆನ್ನಲಿಲ್ಲ. ಕಲ್ಯಾಣದಲ್ಲಿದ್ದ ಜಂಗಮರ ಸಂಖ್ಯೆ ಪರಂಪರೆಯ ಪ್ರಕಾರ ಒಂದು ಲಕ್ಷ ತೊಂಬತ್ತಾರು ಸಾವಿರ. ಪುರಂದರದಾಸರ ಕೃತಿಗಳ ಸಂಖ್ಯೆ ನಾಲ್ಕು ಲಕ್ಷ ಎಪ್ಪತ್ತೈದು ಸಾವಿರವೆಂದು ಪ್ರತೀತಿ. ಸಂಸಾರ ಬಿಡುವುದಕ್ಕೆ ಮುಂಚೆ ಅವರು 'ನವಕೋಟಿ ನಾರಾಯಣ'. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನನ್ನು ಕಂಡು ಅವರು ಹಾಡಿದರೆಂದು ಆ ಊರಿನ ಜನ ಇಂದಿಗೂ ಹೇಳುತ್ತಾರೆ. ಈ ಸಂಖ್ಯೆಗಳನ್ನು ಯಾರೂ ತಲೆಯೆಣಿಸಿ ಬರೆದದ್ದಲ್ಲ. ಆದರೆ ಅವು ಜನರ ನೆನಪಿನಲ್ಲಿ ಉಳಿದದ್ದು ಲಕ್ಷ, ಸಾವಿರ ಎಂಬ ಎರಡು ಉಸಿರುಗಳ ಹೊಂದಿಕೆಯಿಂದ. ಲಕ್ಷದೀಪೋತ್ಸವ, ಎಂಬತ್ತನಾಲ್ಕು ಲಕ್ಷ ಜೀವರಾಶಿ ಎಂಬಂಥ ಮಾತುಗಳನ್ನು ಬೇರೊಂದು ಗುಂಪಿಗೆ ಹಾಕಿ ನೋಡಿ, ಮಾತೇ ಒಣಗಿಹೋಗುತ್ತದೆ.

ಹಾಗೆಂದು ಹಳೆಯ ಲೆಕ್ಕದ ವ್ಯವಸ್ಥೆಯನ್ನು ಕೊಂಡಾಡಬೇಕಾಗಿಲ್ಲ. ಅದರ ಕತ್ತಲೆಯೂ ಕಡಮೆಯದಲ್ಲ. ಹಳ್ಳಿಯ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿತ್ತು. ಕಡತವೆಂದರೆ, ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಕೆಂದಾಗ ಅಳಿಸಿ, ಮತ್ತೆ ಮಸಿ ಬಳಿದು, ಹೊಸದಾಗಿ ಬರೆಯಬಹುದಾಗಿತ್ತು. ಹತ್ತು ಕಂಠೀರಾಯಿ ಹಣಕ್ಕೆ ಒಂದು ವರಹ. ಅದರ ಕೆಳಗೆ ಕಾಲು, ಅರೆಕಾಲು, ವೀಸಗಳ ಭಿನ್ನಗಳು. ಓದು ಬಾರದ ರೈತನಿಗೆ ಆ ಕರಿಯ ಬಟ್ಟೆಯ ಮೇಲಿನ ಬಿಳಿಯ ಗೆರೆಗಳು ಏನನ್ನೂ ಹೇಳುತ್ತಿರಲಿಲ್ಲ. ಅವನಿಗಿದ್ದ ರಕ್ಷಣೆ ಒಂದೇ, ಕಿವಿ. ಶಾನುಭೋಗರು ಲೆಕ್ಕವನ್ನು ಓದಿ ಹೇಳುವಾಗ ಅವನು ತನ್ನ ನೆನಪಿನ ಲೆಕ್ಕದೊಡನೆ ಅದನ್ನು ತಾಳೆ ನೋಡುತ್ತಿದ್ದನು. ಬರಹ ಅವರದಾಗಿದ್ದರೂ ಅದನ್ನು ಓದಿದ ಮಾತು ಇಬ್ಬರದೂ ಆಗಿತ್ತು.

ಮಾತಿಗೆ ಇರುವ ಈ ಹಿರಿಮೆಯನ್ನು ಕಾನೂನೂ ಒಪ್ಪಿದೆ. ನಮ್ಮ ಚೆಕ್ಕು ಹುಂಡಿಗಳ ವ್ಯವಹಾರವನ್ನು ಆಳುವ 1881ರ ವರ್ಗಾವಣೀಯ ಪತ್ರಗಳ ಕಾಯಿದೆಯ ಹದಿನೆಂಟನೆಯ ಕಲಮಿನ ಪ್ರಕಾರ, ಅಂಕಿಗಳಲ್ಲಿ ಬರೆದ ಮೊಬಲಗಿಗೂ ಅಕ್ಷರಗಳಲ್ಲಿ ಬರೆದ ಮೊಬಲಗಿಗೂ ವ್ಯತ್ಯಾಸವಿದ್ದರೆ ಅಕ್ಷರಗಳಲ್ಲಿರುವುದೇ ಊರ್ಜಿತ. ಒಂದು ಸೊನ್ನೆ ಸುಲಭವಾಗಿ ಸೇರಿಕೊಳ್ಳುತ್ತದೆ, ಸುಲಭವಾಗಿ ಜಾರಿಹೋಗುತ್ತದೆ. 'ಲಕ್ಷ' ಎಂಬ ಮಾತು ಹಾಗೆ ಜಾರುವುದಿಲ್ಲ. ಅಂಕಿಗಳ ನಡುವೆ ಗೀಟನ್ನು ಮಾತಿನ ನಡೆಗೆ ತಕ್ಕಂತೆ ಇಡುವುದೆಂದರೆ ಆ ಭದ್ರತೆಯ ಒಂದು ಪಾಲನ್ನು ಅಂಕಿಗಳಿಗೂ ಕೊಟ್ಟಂತೆ.

ಮೂರು ಮೂರರ ಗುಂಪು ಎಲ್ಲಿಂದ ಬಂತು? ಅದೂ ಒಂದು ಭಾಷೆಯ ಮಾತಿನಿಂದಲೇ ಬಂದದ್ದು. ಇಟಲಿಯ ವರ್ತಕರು ಸಾವಿರ ಸಾವಿರಕ್ಕೆ 'ದೊಡ್ಡ ಸಾವಿರ' ಎಂಬ ಅರ್ಥದಲ್ಲಿ ಮಿಲಿಯನ್ ಎಂದರು. ಸಾವಿರದಿಂದ ಸಾವಿರಕ್ಕೆ ಹೆಸರು ಬದಲಾಗುವ ಭಾಷೆಗಳಿಗೆ ಮೂರಂಕಿಯ ಗುಂಪು ಸಹಜ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಅದೊಂದು ವಿಶ್ವನಿಯಮವೆಂದು ಭಾವಿಸಬೇಕಾಗಿಯೂ ಇಲ್ಲ. ಬಿಲಿಯನ್ ಎಂದರೆ ಇಂಗ್ಲೆಂಡಿನಲ್ಲಿ ಒಂದು ಅರ್ಥ, ಅಮೆರಿಕದಲ್ಲಿ ಇನ್ನೊಂದು ಅರ್ಥ ಇತ್ತು. 1974ರಲ್ಲಿ ಬ್ರಿಟಿಷ್ ಸರ್ಕಾರವು ಅಮೆರಿಕದ ನೂರು ಕೋಟಿಯ ಬಿಲಿಯನ್ನನ್ನು ಒಪ್ಪಿಕೊಂಡು, ತನ್ನ ಲಕ್ಷ ಕೋಟಿಯ ಬಿಲಿಯನ್ನನ್ನು ಕೈಬಿಟ್ಟಿತು. ಜರ್ಮನರು ಗುಂಪುಗಳ ನಡುವೆ ಚುಕ್ಕೆಯನ್ನೂ ದಶಮಾಂಶಕ್ಕೆ ಗೀಟನ್ನೂ ಇಡುತ್ತಾರೆ. ತೂಕ ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು 1948ರಲ್ಲಿ ಗುಂಪುಗಳ ನಡುವೆ ಚುಕ್ಕೆಯೂ ಬೇಡ, ಗೀಟೂ ಬೇಡ, ಬರಿಯ ತೆರಪು ಸಾಕು ಎಂದು ಸಲಹೆ ಮಾಡಿತು.

ಎಲ್ಲಕ್ಕಿಂತ ನಾವು ಗಮನಿಸಬೇಕಾದದ್ದು ಜಪಾನಿನ ಉದಾಹರಣೆ. ಚೀನಿ ಜಪಾನಿ ಭಾಷೆಗಳಲ್ಲಿ ಹತ್ತು ಸಾವಿರಕ್ಕೆ ಒಂದು ಹೆಸರು, ಅದರ ಹತ್ತು ಸಾವಿರದಷ್ಟಕ್ಕೆ, ಎಂದರೆ ಹತ್ತು ಕೋಟಿಗೆ, ಇನ್ನೊಂದು ಹೆಸರು. ಅವರ ಮಾತು ನಾಲ್ಕು ನಾಲ್ಕಾಗಿ ನಡೆಯುತ್ತದೆ. ಆದರೆ ಜಪಾನಿನ ಲೆಕ್ಕದ ಪುಸ್ತಕಗಳಲ್ಲಿ ಗೀಟು ಬೀಳುವುದು ಮೂರು ಮೂರಕ್ಕೆ. ಕಣ್ಣು ಒಂದು ಕಡೆ ನಿಲ್ಲುತ್ತದೆ, ನಾಲಗೆ ಇನ್ನೊಂದು ಕಡೆ. ಅವರು ಅಭ್ಯಾಸಬಲದಿಂದ ಅದನ್ನು ನಿಭಾಯಿಸಿದ್ದಾರೆ, ನಿಜ. ನಮ್ಮಲ್ಲಿ ಕಣ್ಣಿಗೂ ನಾಲಗೆಗೂ ಇರುವ ಹೊಂದಿಕೆ ಇನ್ನೂ ಕೆಟ್ಟಿಲ್ಲ. ಅದನ್ನು ವಿನಾಕಾರಣ ಕೆಡಿಸಿಕೊಳ್ಳುವ ಅಗತ್ಯವೇನು?

ಹೊಸ ರೂಢಿಯನ್ನು ಆಜ್ಞೆಯಿಂದ ತರಲು ಹೊರಟ ಪ್ರಸಂಗವೂ ನಮ್ಮ ಸೀಮೆಯ ಇತಿಹಾಸದಲ್ಲಿ ಉಂಟು. ಟಿಪ್ಪು ಸುಲ್ತಾನನು ತಾನು ತಂದ ಮೌಲೂದಿ ಶಕೆಯ ವರ್ಷಗಳನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಓದುವಂತೆ ಅಚ್ಚು ಹಾಕಿಸಿದನು. ಸಾವಿರದ ಇನ್ನೂರ ಹದಿನೈದು ಎಂಬುದು ಎಡದಿಂದ ನೋಡಿದರೆ 5121 ಎಂದು ಕಾಣುತ್ತಿತ್ತು. 1799ರಲ್ಲಿ ಅವನ ಆಳ್ವಿಕೆಯೊಡನೆ ಆ ಪದ್ಧತಿಯೂ ಮುಗಿಯಿತು. ಅವನ ಕಾಲದಲ್ಲಿ ಈ ಸೀಮೆಗೆ ಬಂದ ರೇಷ್ಮೆ ಮಾತ್ರ ಉಳಿಯಿತು, ಬೆಳೆಯಿತು. ಜನರ ಕೈಗೆ ಹತ್ತಿದ್ದು ನಿಂತಿತು. ಅವರ ಕಣ್ಣಿಗೆ ಒಗ್ಗದ್ದು ಹೋಯಿತು.

ಇನ್ನು ಇಂದಿನ ಲೆಕ್ಕದ ಪುಸ್ತಕಕ್ಕೆ ಬರೋಣ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವಾಣಿಜ್ಯಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕರಿಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಉಳಿದವುಗಳನ್ನೆಲ್ಲ ಅಳಿಸಿ ಬರೆಯಬೇಕಾದ ಕಷ್ಟವನ್ನು ಕಂಡು, ತಾನಾಗಿ ಲೆಕ್ಕವನ್ನು ತಿದ್ದಿಕೊಳ್ಳುವ ಹಲಗೆಯೊಂದನ್ನು ಕಲ್ಪಿಸಿಕೊಂಡನು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ 1979ರಲ್ಲಿ ಅವನು ಹೊರತಂದ ವಿಸಿಕ್ಯಾಲ್ಕ್, ಸ್ವಂತ ಬಳಕೆಯ ಸಣ್ಣ ಕಂಪ್ಯೂಟರುಗಳಿಗೆ ಬಂದ ಮೊದಲನೆಯ ಸ್ಪ್ರೆಡ್‌ಶೀಟ್. 1983ರಲ್ಲಿ ಲೋಟಸ್, 1985ರಲ್ಲಿ ಎಕ್ಸೆಲ್ ಬಂದವು. ಕರಿಯ ಹಲಗೆ, ಬಿಳಿಯ ಅಂಕಿ, ಅಳಿಸಿ ಬರೆಯುವ ಅನುಕೂಲ: ಇದು ನಮ್ಮ ಶಾನುಭೋಗರ ಕಡತದ ದೂರದ ನೆಂಟನೇ ಸರಿ. ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತವೆಂಬ ಹೆಸರೇ ಸಲ್ಲುತ್ತಿರುವುದು ಆಕಸ್ಮಿಕವಾದರೂ ಉಚಿತವಾಗಿದೆ.

ಈ ಯಂತ್ರದ ಒಳಗುಟ್ಟೊಂದನ್ನು ತಿಳಿದುಕೊಂಡರೆ ನಮ್ಮ ಪ್ರಶ್ನೆಯ ಅರ್ಧ ಭಾಗ ಬಗೆಹರಿಯುತ್ತದೆ. ಸ್ಪ್ರೆಡ್‌ಶೀಟಿನ ಮನೆಯೊಳಗೆ ಸಂಖ್ಯೆ ಇರುವುದು ಬರಿಯ ಬೆಲೆಯಾಗಿ; ಅಲ್ಲಿ ಯಾವ ಗೀಟೂ ಇಲ್ಲ. ಗೀಟು ಬೀಳುವುದು ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುವಾಗ, ಕಾಗದದ ಮೇಲೆ ಅಚ್ಚು ಮಾಡುವಾಗ. ಅಂದರೆ ಗೀಟು ಸಂಖ್ಯೆಯ ಮೈಯಲ್ಲ, ಅದರ ಉಡುಪು. ಉಡುಪನ್ನು ಬದಲಿಸಿದರೆ ಕೂಡುವ ಕಳೆಯುವ ಲೆಕ್ಕಕ್ಕೆ ಕೂದಲಷ್ಟೂ ಧಕ್ಕೆಯಿಲ್ಲ. ಕಂಪ್ಯೂಟರಿನಲ್ಲಿ ಪ್ರದೇಶದ ರೂಢಿಗಳನ್ನು ನಿಗದಿ ಮಾಡುವ ಒಂದು ಪುಟವಿರುತ್ತದೆ. ಅಲ್ಲಿ 12,34,56,789 ಎಂಬ ಮಾದರಿಯನ್ನು ಆರಿಸಿದರೆ ಎಕ್ಸೆಲ್ಲಿನ ಸಂಖ್ಯೆಗಳು ಲಕ್ಷ ಕೋಟಿಗಳಾಗಿ ನಿಲ್ಲುತ್ತವೆ. ಇದಕ್ಕೆ ಒಂದು ಮಿತಿಯುಂಟು. ಅದು ಆ ಕಂಪ್ಯೂಟರಿನ ರೂಢಿ, ಕಡತದ ರೂಢಿಯಲ್ಲ. ಅದೇ ಕಡತ ಬೇರೊಂದು ರೂಢಿಯ ಕಂಪ್ಯೂಟರಿಗೆ ಹೋದರೆ ಅಲ್ಲಿನ ಉಡುಪನ್ನು ತೊಡುತ್ತದೆ.

ಉಡುಪು ಕಡತದೊಡನೆಯೇ ಹೋಗಲೆಂದು ಬಳಕೆದಾರರು ಎಕ್ಸೆಲ್ಲಿನಲ್ಲಿ ಒಂದು ಉಪಾಯ ಕಂಡುಕೊಂಡಿದ್ದಾರೆ. ಸಂಖ್ಯೆ ಕೋಟಿಯನ್ನು ಮುಟ್ಟಿದ್ದರೆ ಗೀಟುಗಳನ್ನು ಹೀಗೆ ಇಡು, ಲಕ್ಷವನ್ನು ಮುಟ್ಟಿದ್ದರೆ ಹೀಗೆ ಇಡು, ಉಳಿದುದನ್ನೆಲ್ಲ ನಿನ್ನ ರೂಢಿಯಂತೆ ತೋರಿಸು ಎಂದು ಷರತ್ತುಗಳ ಮಾದರಿಯೊಂದನ್ನು ಬರೆದಿಡುವುದು ಆ ಉಪಾಯ. ಇಂಥ ಮಾದರಿಯಲ್ಲಿ ಎರಡು ಷರತ್ತುಗಳಿಗೆ ಮಾತ್ರ ಎಡೆಯುಂಟು. ಮೂರನೆಯ ಭಾಗ 'ಉಳಿದುದೆಲ್ಲ'. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು, ಎಷ್ಟೇ ದೊಡ್ಡವಾಗಿರಲಿ, ಈ 'ಉಳಿದುದೆಲ್ಲ'ದ ಪಾಲಿಗೇ ಬೀಳುತ್ತವೆ. ಪರಿಣಾಮವೇನು? ಜಮೆ 12,34,567 ಎಂದು ನಮ್ಮಂತೆ ಕಾಣುತ್ತದೆ. ಅಷ್ಟೇ ಮೊತ್ತದ ಸಾಲ −1,234,567 ಎಂದು ಬೇರೆ ದೇಶದವರಂತೆ ಕಾಣುತ್ತದೆ. ಬ್ರಹ್ಮಗುಪ್ತನು 628ರಲ್ಲಿ ಸೊನ್ನೆಯ ಆಚೀಚೆಯ ಸಂಖ್ಯೆಗಳಿಗೆ ಧನ, ಋಣ ಎಂಬ ವ್ಯಾಪಾರದ ಹೆಸರುಗಳನ್ನೇ ಇಟ್ಟು, ಎರಡಕ್ಕೂ ಸಮನಾದ ನಿಯಮಗಳನ್ನು ಹೇಳಿದ್ದನು. ಈ ಮಾದರಿಯಲ್ಲಿ ಧನ ಕನ್ನಡ ಮಾತಾಡುತ್ತದೆ, ಋಣ ಇಂಗ್ಲಿಷ್ ಮಾತಾಡುತ್ತದೆ. ಸಾಲಗಾರನು ಸ್ಪಷ್ಟವಾಗಿ ಓದಬೇಕಾದದ್ದು ಎರಡನೆಯದನ್ನೇ ಅಲ್ಲವೇ? ಋಣ ಸಂಖ್ಯೆಗಳಿಗೆ ಪ್ರತ್ಯೇಕವಾದ ಇನ್ನೊಂದು ಮಾದರಿಯನ್ನು ಹೊಂದಿಸಿದರೆ ಮಾತ್ರ ಈ ಭೇದ ನೀಗುತ್ತದೆ. ಲಿಬ್ರೆ ಆಫೀಸಿನಂಥ ಬೇರೊಂದು ತಂತ್ರಾಂಶದಲ್ಲಿ #,##,##0 ಎಂದು ಗೀಟುಗಳ ಜಾಗವನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು. ಯಂತ್ರವು ಸೂಚನೆಯನ್ನು ಗ್ರಹಿಸಿ ಮುಂದಿನದನ್ನು ತಾನೇ ಮಾಡುತ್ತದೆ. ಆದ್ದರಿಂದ ಇದು ಯಂತ್ರಕ್ಕೆ ಸಾಧ್ಯವಿಲ್ಲದ ಕೆಲಸವಲ್ಲ. ಯಂತ್ರವನ್ನು ಮಾಡಿದವರ ಮನಸ್ಸಿನಲ್ಲಿ ಮೊದಲು ಯಾವ ಓದುಗನಿದ್ದನೆಂಬ ಪ್ರಶ್ನೆ ಅಷ್ಟೆ.

ಸ್ಥಳದ ರೂಢಿಯನ್ನು ಯಂತ್ರ ಅರಿಯದಿದ್ದರೆ ಆಗುವ ಎಡವಟ್ಟಿಗೆ ನಮ್ಮ ಭೂಮಿಯ ಅಳತೆಯಲ್ಲಿಯೂ ಒಂದು ಉದಾಹರಣೆಯುಂಟು. ನಲವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಹತ್ತು ಗುಂಟೆಯನ್ನು ರೈತರೂ ಕಚೇರಿಯವರೂ 2-10 ಎಂದು ಬರೆಯುವುದು ವಾಡಿಕೆ. ಅದನ್ನು ಹಾಗೆಯೇ ಎಕ್ಸೆಲ್ಲಿನ ಮನೆಯಲ್ಲಿ ತುಂಬಿದರೆ, ಭಾರತದ ರೂಢಿಯಲ್ಲಿರುವ ಯಂತ್ರ ಅದನ್ನು ಅಕ್ಟೋಬರ್ ಎರಡನೆಯ ತಾರೀಖೆಂದು ತಿಳಿಯುತ್ತದೆ. ರೈತನ ಹೊಲ ಗಾಂಧೀ ಜಯಂತಿಯಾಗುತ್ತದೆ! ಗೆರೆಯ ಬದಲು ಚುಕ್ಕೆಯಿಟ್ಟು 2.10 ಎಂದು ಬರೆದರೆ ಯಂತ್ರ ಅದನ್ನು ದಶಮಾಂಶವೆಂದು ಗ್ರಹಿಸುತ್ತದೆ. ನಿಜವಾಗಿ ಅದು ಎರಡೂಕಾಲು ಎಕರೆ, 2.25. ಅಂಥ ಹತ್ತಾರು ಹೊಲಗಳನ್ನು ಕೂಡಿದರೆ ಮೊತ್ತದಲ್ಲಿ ಎಷ್ಟು ಗುಂಟೆ ಕಾಣೆಯಾದೀತೆಂಬುದನ್ನು ಊಹಿಸಬಹುದು. ಇಲ್ಲಿ ತಪ್ಪುವುದು ಬೆಲೆ. ಗೀಟಿನ ವಿಷಯದಲ್ಲಿ ತಪ್ಪುವುದು ಓದು. ಎರಡರ ಬೇರೂ ಒಂದೇ.

ಕರ್ನಾಟಕದ ಪಹಣಿಗಳು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದಾಗ ಅವುಗಳ ಸಂಖ್ಯೆಯನ್ನು ಹೊರಗಿನವರು ಇಂಗ್ಲಿಷಿನಲ್ಲಿ ಇಪ್ಪತ್ತು ಮಿಲಿಯನ್ ದಾಖಲೆ, ಆರು ದಶಾಂಶ ಏಳು ಮಿಲಿಯನ್ ಹಿಡುವಳಿದಾರರು ಎಂದು ಬರೆದರು. ಎರಡು ಕೋಟಿ ಪಹಣಿ, ಅರವತ್ತೇಳು ಲಕ್ಷ ರೈತರು ಎಂದರೆ ಮಾತ್ರ ಆ ಕೆಲಸದ ಗಾತ್ರ ನಮ್ಮ ಮನಸ್ಸಿಗೆ ಇಳಿಯುತ್ತದೆ. ಸರ್ಕಾರದ ಮುಂಗಡಪತ್ರದ ಪುಸ್ತಕಗಳಲ್ಲಿ 'ರೂಪಾಯಿ ಲಕ್ಷಗಳಲ್ಲಿ' ಎಂಬ ತಲೆಬರಹದ ಕೋಷ್ಟಕಗಳು ಬರುತ್ತವೆ. ಅಂಥ ಕೋಷ್ಟಕದಲ್ಲಿ 12,345.67 ಎಂದಿದ್ದರೆ ಅದು ನೂರ ಇಪ್ಪತ್ತಮೂರು ಕೋಟಿ ನಲವತ್ತೈದು ಲಕ್ಷ ಅರವತ್ತೇಳು ಸಾವಿರ. ಗೀಟು ಕೋಟಿಯ ಹೊಟ್ಟೆಯಲ್ಲಿಯೇ ಬಿದ್ದಿದೆ. ಲಕ್ಷವೆಂಬ ಮಾತನ್ನು ತಲೆಯ ಮೇಲಿಟ್ಟುಕೊಂಡೂ ಅಂಕಿಗಳು ಲಕ್ಷದ ನಡೆಯನ್ನು ಮರೆಯಬಹುದೆಂಬುದಕ್ಕೆ ಇದೇ ನಿದರ್ಶನ.

ಈ ಸೂಕ್ಷ್ಮದಿಂದ ಯಾರಿಗೆ ಏನಾಗಬೇಕು? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನೆಯೋಣ. ದೇಶದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಅದು ಒಂದು. ಕನಕಪುರ, ಮಾಗಡಿ, ಚನ್ನಪಟ್ಟಣಗಳ ಕಡೆಯಿಂದಲೂ ದೂರದ ಜಿಲ್ಲೆಗಳಿಂದಲೂ ರೈತರು ಗೂಡು ತರುತ್ತಾರೆ. 1959ರ ಕಾಯಿದೆಯೊಂದು ಈ ವ್ಯಾಪಾರವನ್ನು ಸರ್ಕಾರದ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜಿನ ಮೂಲಕವೇ ನಡೆಸುವ ವ್ಯವಸ್ಥೆ ಮಾಡಿತು. ಇಂದು ತೂಕ ವಿದ್ಯುನ್ಮಾನ ತಕ್ಕಡಿಯಲ್ಲಿ, ಹರಾಜು ಕಂಪ್ಯೂಟರಿನಲ್ಲಿ, ಹಣ ಬ್ಯಾಂಕಿನ ಖಾತೆಗೆ. ಕೂಗಾಟ ಕಡಮೆಯಾಗಿದೆ, ಒಳಸಂಚಿಗೆ ಎಡೆ ಕಡಮೆಯಾಗಿದೆ; ಇದು ಲಾಭವೇ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಹರಾಜು ಬಾಯಿಮಾತಿನಲ್ಲಿ ನಡೆಯುವಾಗ ಬೆಲೆ ರೈತನ ಕಿವಿಗೆ ಬೀಳುತ್ತಿತ್ತು. ಈಗ ಅದು ಚೀಟಿಯ ಮೇಲೆ, ಮೊಬೈಲಿನ ಸಣ್ಣ ಪರದೆಯ ಮೇಲೆ, ಮಾತಿಲ್ಲದೆ ಬರುತ್ತದೆ. ಕಿವಿ ಮಾಡುತ್ತಿದ್ದ ಕಾವಲನ್ನು ಇನ್ನು ಕಣ್ಣು ಮಾಡಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ನೂರೆಂಬತ್ತು ಕಿಲೋ ಗೂಡು, ಕಿಲೋಗೆ ಆರುನೂರ ಇಪ್ಪತ್ತು ರೂಪಾಯಿ. ಒಂದು ಲಕ್ಷದ ಹನ್ನೊಂದು ಸಾವಿರದ ಆರುನೂರು. ಇದನ್ನು 1,11,600 ಎಂದು ಅಚ್ಚು ಮಾಡಿದರೆ ರೈತನ ಕಣ್ಣಿಗೆ ಲಕ್ಷ ಮೊದಲು ಬೀಳುತ್ತದೆ. ಉಳಿದುದು ತಾನಾಗಿ ಹಿಂದೆ ಬರುತ್ತದೆ. 111,600 ಎಂದು ಅಚ್ಚು ಮಾಡಿದರೆ ಮೊದಲು ಕಾಣುವುದು ನೂರ ಹನ್ನೊಂದು. 'ನೂರ ಹನ್ನೊಂದು ಸಾವಿರ' ಎಂದು ಹೇಳುವವರು ರಾಮನಗರದ ಪೇಟೆಯಲ್ಲಿ ಯಾರೂ ಸಿಗಲಾರರು. ಗೀಟೇ ಇಲ್ಲದೆ 111600 ಎಂದು ಬಿಟ್ಟರಂತೂ ಮೂರು ಒಂದುಗಳೋ ನಾಲ್ಕೋ ಎಂದು ಎಣಿಸಬೇಕು. ಮೊತ್ತ ಸರಿಯಾಗಿಯೇ ಇರಬಹುದು. ಆದರೆ ಸರಿಯಾಗಿದೆಯೆಂದು ಅವನಿಗೆ ತಿಳಿಯುವುದು ಹೇಗೆ? ಲೆಕ್ಕ ಸರಿಯಾಗಿರುವುದು ಒಂದು ಮಾತು. ಲೆಕ್ಕ ಯಾರಿಗೆ ಸಂಬಂಧಿಸಿದ್ದೋ ಅವನು ಅದನ್ನು ತಾನೇ ಓದಿ ಒಪ್ಪುವುದು ಇನ್ನೊಂದು ಮಾತು. ಶಾನುಭೋಗಿಕೆಯನ್ನು 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಕೊನೆಗಾಣಿಸಿತು. ಅದರ ಹಿಂದೆ ಇದ್ದದ್ದು ಲೆಕ್ಕವು ಒಬ್ಬರ ಮನೆಯ ಸ್ವತ್ತಾಗಬಾರದೆಂಬ ವಿಚಾರ. ಅಂದು ಮನೆತನದ ಬಾಗಿಲಿಂದ ಹೊರಬಂದ ಕಡತ, ಇಂದು ಓದಲಾಗದ ಉಡುಪಿನಲ್ಲಿ ಮತ್ತೆ ಮುಚ್ಚಿಕೊಳ್ಳಬಾರದು.

ಇದಕ್ಕೆ ಎದುರಾಗಿ ಒಂದು ವಾದವುಂಟು. ಪ್ರಪಂಚವೆಲ್ಲ ಒಂದು ಮಾರುಕಟ್ಟೆಯಾಗಿರುವಾಗ ಪ್ರಪಂಚದ ರೂಢಿಯನ್ನೇ ಎಲ್ಲರೂ ಕಲಿಯುವುದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಕಲಿಯಲಿ, ಶಾಲೆಗಳಲ್ಲಿ ಎರಡು ಕ್ರಮಗಳನ್ನೂ ಕಲಿಸುವ ಪದ್ಧತಿ ಈಗಾಗಲೇ ಇದೆ, ಅದು ಒಳ್ಳೆಯದು. ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಹೊರದೇಶಕ್ಕೆ ಕಳುಹಿಸುವ ವರ್ತಕನು ಅಲ್ಲಿನವರಿಗೆ ಮಿಲಿಯನ್ ಲೆಕ್ಕದಲ್ಲಿ ಪಟ್ಟಿ ಬರೆಯಲಿ. ಅದೇ ಬೊಂಬೆಯನ್ನು ಕಡೆದ ಕುಶಲಕರ್ಮಿಗೆ ಕೊಡುವ ಚೀಟಿಯನ್ನು ಮಾತ್ರ ಲಕ್ಷ ಸಾವಿರಗಳಲ್ಲಿ ಬರೆಯಲಿ. ಹಿಂದಿನ ಕಾಲದಲ್ಲಿ ಇದಕ್ಕೆ ಎರಡು ಪುಸ್ತಕಗಳನ್ನು ಇಡಬೇಕಾಗಿತ್ತು. ಇಂದು ಒಂದೇ ಕಡತದ ಒಂದೇ ಬೆಲೆಗೆ ಎರಡು ಉಡುಪು ತೊಡಿಸಬಹುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂಬ ಹಟವನ್ನು ಯಂತ್ರವು ನಮ್ಮ ಮೇಲೆ ಹೇರಿಲ್ಲ. ನಾವು ನಮ್ಮ ಮೇಲೆಯೇ ಹೇರಿಕೊಳ್ಳುತ್ತಿದ್ದೇವೆ.

ಆದ್ದರಿಂದ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಹಾಲಿನ ಸಂಘದಲ್ಲಿ, ಸಹಕಾರ ಬ್ಯಾಂಕಿನಲ್ಲಿ, ಗ್ರಾಮ ಪಂಚಾಯಿತಿಯಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ ಜನರ ಕೈಗೆ ಹೋಗುವ ಪ್ರತಿಯೊಂದು ಲೆಕ್ಕದ ಹಾಳೆಯನ್ನು ಅಚ್ಚು ಮಾಡುವ ಮುನ್ನ, ಅದನ್ನು ಸಿದ್ಧಪಡಿಸಿದವರು ಒಂದು ಸಾಲನ್ನು ಗಟ್ಟಿಯಾಗಿ ಓದಿ ನೋಡಬೇಕು. ಓದುವಾಗ ಉಸಿರು ನಿಂತ ಕಡೆಯಲ್ಲೆಲ್ಲ ಗೀಟು ಇದ್ದರೆ ಹಾಳೆ ಸರಿಯಾಗಿದೆ. ಇಲ್ಲವಾದರೆ ಉಡುಪನ್ನು ತಿದ್ದಬೇಕು. ಜಮೆಯ ಅಂಕಿಗೆ ತೋರಿದ ಆದರವನ್ನು ಸಾಲದ ಅಂಕಿಗೂ ತೋರಬೇಕು. ಎಕರೆ ಗುಂಟೆಗಳಿಗೆ ಎರಡು ಬೇರೆ ಮನೆಗಳನ್ನೇ ಕೊಡಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಯಂತ್ರವೂ ಬೇಡ.

ಬಾನುಲಿಯಲ್ಲಿ ಅಲ್ಪವಿರಾಮ ಯಾರಿಗೂ ಕಾಣುವುದಿಲ್ಲ. ಆದರೂ ವಾರ್ತೆ ಓದುವವರು ಲಕ್ಷದ ಬಳಿ ಒಂದಿಷ್ಟು ನಿಂತು ಮುಂದೆ ಹೋದಾಗ, ಹಳ್ಳಿಯ ಜಗಲಿಯ ಮೇಲೆ ಕುಳಿತವರಿಗೂ ಮೊತ್ತ ತಿಳಿಯುತ್ತದೆ. ಸಾವಿರ ವರ್ಷಗಳಿಂದ ಈ ನಾಡಿನಲ್ಲಿ ಸಂಖ್ಯೆಗಳು ಹಾಗೆಯೇ ಕೇಳಿಸಿವೆ. ಕಂಪ್ಯೂಟರಿನ ಹಾಳೆಯ ಮೇಲೆಯೂ ಅವು ಹಾಗೆಯೇ ಕಾಣುವಂತಾದರೆ, ಲೆಕ್ಕದ ಹಾಳೆಯನ್ನು ಕೈಗೆ ತೆಗೆದುಕೊಂಡವನು 'ಎಷ್ಟಾಯಿತು?' ಎಂದು ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ.